ಎರಡು ತೂತಿನ ಮುಚ್ಚಳ

"ನನ್ನ ಸೀಸೆ ಮುಟ್ಟಿದ್ದು ಯಾರು?"

ಶಿಕಾರಿಪುರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಂಗಾಶ್ರೀಯ ದನಿ ಏರಿತು. ಬಾಗಿಲಲ್ಲಿದ್ದ ಫಿಸಿಕ್ಸ್ ಮೇಷ್ಟ್ರು ನಿರಂಜನನ ಮುಖ ಇಳಿಯಿತು.

"ನಾನೇ ರೀ. ಮೇಲಿನ ಫಾಯಿಲ್ ತೂತಾಗಿತ್ತು. ಇರುವೆ ಹೋಗ್ತವೆ ಅಂತ ಗಟ್ಟಿ ಮುಚ್ಚಳ ಹಾಕ್ದೆ."

"ಆ ತೂತು ನಾನೇ ಚುಚ್ಚಿದ್ದು ಕಣ್ರೀ! ನಾನು ಊರಲ್ಲಿಲ್ಲದ ವಾರ ಪೂರ್ತಿ ದಂಡ!"

ಸೀಸೆಯಲ್ಲಿದ್ದದ್ದು ಅವಳ ತಾಮ್ರದ ಸಂಯುಕ್ತ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಅದು ಕೊಂದಿತ್ತು. ಔಷಧಿಯಾಗುವ ದಾರಿ ಇನ್ನೂ ದೂರ. ಮೊದಲು ಅದರ ರಚನೆ ತಿಳಿಯಬೇಕು, ಅದಕ್ಕೊಂದು ಒಳ್ಳೆಯ ಹರಳು ಬೇಕು. ದ್ರಾವಣ ನಿಧಾನವಾಗಿ ಆರಿದರೆ ಮಾತ್ರ ಹರಳು. ಹಿಂದಿನ ನಾಲ್ಕು ಸಲವೂ ಬರೀ ಪುಡಿ ಬಂದಿತ್ತು. ಪಿಎಚ್.ಡಿ. ಥೀಸಿಸ್ ಕೊಡಲು ಒಂದೇ ತಿಂಗಳು ಉಳಿದಿತ್ತು, ಸಂಯುಕ್ತ ಇದೊಂದೇ ಸೀಸೆಯಷ್ಟು.

"ಹೊಸ ಫಾಯಿಲ್ ಹಾಕಿ, ಸೂಜಿಯಿಂದ ಐದು ತೂತು ಚುಚ್ಚಿ," ಎಂದು ಸಿಡುಕಿ ಪಾಠ ಮಾಡಲು ಕ್ಲಾಸಿಗೆ ಹೋದಳು.

ಹತ್ತೊಂಬತ್ತು ದಿನ ಅವನು ಸೊರಬದಿಂದ ಮೊದಲ ಬಸ್ಸಿಗೇ ಬಂದ. ಕೈ ಹಿಂದೆ ಕಟ್ಟಿಕೊಂಡು, ಸೀಸೆಯನ್ನು ಬಗ್ಗಿ ನೋಡುತ್ತಿದ್ದ. ಆ ಭಯಭಕ್ತಿ ಕಂಡು ಅವಳಿಗೆ ನಗು. ಅವನ ಬಸ್ಸು ತಡವಾದ ದಿನ ಮಾತ್ರ ನಗು ಬರಲಿಲ್ಲ.

ಇಪ್ಪತ್ತನೆಯ ದಿನ ಬೆಳಿಗ್ಗೆ ಸೀಸೆಯ ತಳದಲ್ಲಿ ಹಸಿರು ಹರಳೊಂದು ಕೂತಿತ್ತು, ಸಾಸಿವೆಗಿಂತ ಚಿಕ್ಕದು, ಅಂಚು ಚೂಪು. ಅವಳು ಫಾಯಿಲನ್ನು ಬೆಳಕಿಗೆ ಹಿಡಿದಳು.

"ಎರಡೇ ತೂತು?"

"ಮತ್ತೆ ಕೆಡಿಸಿಬಿಟ್ಟೇನು ಅಂತ ಹೆದ್ರಿಕೆ ಆಯ್ತು ರೀ. ಮುಂದೆ ಚುಚ್ಚೋಕೆ ಆಗ್ಲಿಲ್ಲ."

"ಅದಕ್ಕೇ ನಿಧಾನ ಆರಿದೆ! ನನ್ನ ಐದು ತೂತೇ ತಪ್ಪು." ಅವಳ ಕಣ್ಣು ತುಂಬಿತು. "ಥ್ಯಾಂಕ್ಸ್ ರೀ."

"ಅದನ್ನ ನಾನು ಹೇಳ್ಬೇಕು. ನಮ್ಮಮ್ಮನಿಗೆ ಕ್ಯಾನ್ಸರ್ ಆದಾಗ ಪ್ಲಾಟಿನಂ ಇರೋ ಔಷಧಿ ಕೊಟ್ಟಿದ್ರು. ಆರು ವರ್ಷ ಆಯ್ತು, ಈಗ್ಲೂ ನನ್ನ ಡಬ್ಬಿಗೆ ಉಪ್ಪಿಟ್ಟು ತುಂಬೋದು ಅವರೇ. ಆ ಔಷಧಿಗೆ ಹೀಗೇ ಕಾದು ಕೂತೋರು ಯಾರೋ, ನಂಗೆ ಗೊತ್ತಿಲ್ಲ. ಅದಕ್ಕೇ ದಿನಾ ನಿಮ್ಮ ಬಾಗ್ಲಲ್ಲಿ ನಿಲ್ತೀನಿ."

"ಅದಕ್ಕೆ ಮಾತ್ರಾನಾ?"

ಅವನ ಕಿವಿ ಕೆಂಪಾಯಿತು. "ಮೊದಮೊದಲು ಅದಕ್ಕೆ ಮಾತ್ರ. ಈಗ ನಿಮ್ಮನ್ನ ನೋಡೋಕೆ."

ಗಂಗಾಶ್ರೀ ಥೀಸಿಸ್‌ನ ಕೃತಜ್ಞತೆಯ ಪುಟ ತೆಗೆದು ಅವನ ಹೆಸರು ಬರೆದಳು. ಹೆಸರಿನ ಹಿಂದೆ ಒಂದಿಷ್ಟು ಜಾಗ ಖಾಲಿ ಬಿಟ್ಟಳು.

"ಇಲ್ಲೇನು ಬರುತ್ತೆ? ಸಹೋದ್ಯೋಗಿ ಅಂತಾನಾ?"

"ಪ್ರಿಂಟಿಗೆ ಇನ್ನೂ ಹತ್ತು ದಿನ ಇದೆ," ಎಂದಳು ಅವಳು. "ಭಾನುವಾರ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ಏನು ಬರೀಬೇಕು ಅಂತ ನಮ್ಮಪ್ಪನ್ನೇ ಕೇಳೋಣ."