ಮೊಣಕಾಲ ಮೇಲಿನ ಜೇಬು

"ಸ್ವಲ್ಪ ಎದ್ದು ನಿಂತ್ಕೊ ಪುಟ್ಟಾ. ಗೌನ್ ಎಷ್ಟುದ್ದ ಬರತ್ತೆ ನೋಡ್ತೀನಿ," ಎಂದರು ಟೀವಿಯ ಡ್ರೆಸ್ ಆಂಟಿ.

ವೀಲ್‌ಚೇರಿನಲ್ಲಿ ಕೂತಿದ್ದ ಚಿನಕುರುಳಿ ಅವರ ಮುಖವನ್ನೇ ನೋಡಿದಳು. "ನಾನು ಎದ್ದು ನಿಲ್ಲೋ ಹಾಗಿದ್ದಿದ್ರೆ ನೀವು ನನ್ನ ಕರೀತಾನೇ ಇರ್ಲಿಲ್ವಲ್ಲ ಆಂಟಿ!"

ಡ್ರೆಸ್ ಆಂಟಿ ಇಂಗು ತಿಂದ ಮಂಗನ ಹಾಗಾದರು.

ಕಾರ್ಯಕ್ರಮದ ಹೆಸರು 'ವಿಶೇಷ ಮಕ್ಕಳ ವಿಶೇಷ ಫ್ಯಾಷನ್'. ವಿಶೇಷ ಏನೆಂದರೆ, ಗೌನಿನ ಬೆನ್ನಿಗೆ ತಲೆದಿಂಬಿನಷ್ಟು ದಪ್ಪದ ಬೋ ಇತ್ತು. ದಿನವಿಡೀ ಕೂತಿರುವ ಹುಡುಗಿ ಒರಗಬೇಕಾದದ್ದು ಅದರ ಮೇಲೇ. ಕೆಳಗೆ ಗೌನಿನ ಅಂಚು ಚಕ್ರಗಳ ಪಕ್ಕದಲ್ಲಿ ನೆಲ ಗುಡಿಸುತ್ತಿತ್ತು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಎಂದು ಅಮ್ಮ ಗೊಣಗಿದಳು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು.

ಚಿನಕುರುಳಿಗೆ ಅಳು ಬರುವಂತಾಗಿತ್ತು. ಅಮ್ಮನೂ ಅವಳೂ ಜಗಳ ಆಡಿಕೊಂಡು, ಬಿಚ್ಚಿ ಬಿಚ್ಚಿ ಹೊಲಿದ ನೇರಳೆ ಪ್ಯಾಂಟು ಬ್ಯಾಗಿನಲ್ಲೇ ಉಳಿದಿತ್ತು. ಕೂತಾಗ ಬೆನ್ನು ಕಾಣದ ಹಾಗೆ ಹಿಂದೆ ಎತ್ತರ, ಹೊಟ್ಟೆ ಒತ್ತದ ಹಾಗೆ ಮುಂದೆ ತಗ್ಗು. ಮತ್ತೆ ಜೇಬು! ಎಲ್ಲರ ಹಾಗೆ ಸೊಂಟದ ಹತ್ತಿರ ಇದ್ದರೆ ಅವಳ ಚಾಕಲೇಟೆಲ್ಲ ಚಪ್ಪಟೆಯಾಗುತ್ತಿತ್ತು. ಅದಕ್ಕೇ ಮೊಣಕಾಲ ಮೇಲೆ ಜಿಪ್ ಇರುವ ಹಳದಿ ಜೇಬು. "ಭಾನುವಾರ ಟೀವಿಲಿ ನನ್ ಜೇಬು ಬರತ್ತೆ, ಎಲ್ರೂ ನೋಡ್ರೋ!" ಎಂದು ಕ್ಲಾಸಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

"ಪ್ಯಾಂಟ್ ಯಾರು ನೋಡ್ತಾರಮ್ಮ? ಗೌನ್ ಅಂದ್ರೆ ಕನಸು!" ಎಂದರು ಡೈರೆಕ್ಟರ್. "ಹ್ಞೂಂ, ಆ್ಯಕ್ಷನ್!"

ಚಿನಕುರುಳಿ ಚಕ್ರ ತಳ್ಳಿದಳು. ಕನಸು ಎಡಗಡೆ ಚಕ್ರಕ್ಕೆ ಸಿಕ್ಕಿಕೊಂಡಿತು. ಪರ್ರ್!

ಅವಳ ಅಳತೆಯ ಇನ್ನೊಂದು ಗೌನ್ ಅವರ ಹತ್ತಿರ ಇರಲಿಲ್ಲ. ಬೇರೆ ದಾರಿಯಿಲ್ಲದೆ ನೇರಳೆ ಪ್ಯಾಂಟು ಹೊರಗೆ ಬಂತು. ಚಿನಕುರುಳಿಗೆ ಹಾಲು ಕುಡಿದಷ್ಟು ಸಂತೋಷ.

"ನಗಬೇಡ ಪುಟ್ಟಾ," ಎಂದರು ಡೈರೆಕ್ಟರ್. "ನಿನ್ನ ಕಷ್ಟ ನೆನೆಸ್ಕೊ."

"ಯಾವ್ ಕಷ್ಟ ಅಂಕಲ್? ಭಿನ್ನರಾಶಿನಾ?"

ಕ್ಯಾಮೆರಾದವನು ಕಿಸಕ್ಕನೆ ನಕ್ಕ. ಕ್ಯಾಮೆರಾ ಅಲ್ಲಾಡಿತು. ಚಿನಕುರುಳಿಗೂ ನಗು ತಡೆಯಲಾಗಲಿಲ್ಲ. ಜೇಬಿನ ಜಿಪ್ ಎಳೆದು ಅವನಿಗೊಂದು ಚಾಕಲೇಟು ಎಸೆದಳು.

ಭಾನುವಾರ ಅಜ್ಜಿ, ಅಮ್ಮ, ಚಿನಕುರುಳಿ ಮೂವರೂ ಟೀವಿಯ ಮುಂದೆ ಕೂತರು. ಮೊದಲು ಪಿಟೀಲು ಕುಂಯ್ಯೋ ಎಂದಿತು. ಆಮೇಲೆ ನಿರೂಪಕರ ಗದ್ಗದ ದನಿ: "ವಿಧಿಯ ಕ್ರೂರ ಆಟ! ಆದರೂ ಈ ಪುಟ್ಟ ಹೂವು ನಗುತ್ತಿದೆ..."

ಅಜ್ಜಿ ಕಣ್ಣೊರೆಸಿಕೊಂಡಳು. "ಅಯ್ಯೋ, ಪಾಪ ಆ ಮಗು!"

"ಅಜ್ಜೀ! ಆ ಮಗು ನಾನೇ!"

"ಗೊತ್ತು ಕಣೇ. ಆದ್ರೂ ಪಾಪ!"

ಅಮ್ಮನ ಕಣ್ಣೂ ಒದ್ದೆಯಾಗಿತ್ತು. ಚಿನಕುರುಳಿಗೆ ಸಿಟ್ಟು ಬಂತು, ಭಯವೂ ಆಯಿತು. ನಾಳೆ ಇಡೀ ಕ್ಲಾಸು ಹೀಗೇ ನೋಡಿದರೆ? ಅಷ್ಟರಲ್ಲಿ ಪಿಟೀಲು ಮತ್ತೆ ಕೊಯ್ಯಿತು. ಅರೆ, ನನ್ನ ನೋಡಿ ನನಗೇ ಪಾಪ ಅನ್ನಿಸ್ತಿದೆಯಲ್ಲ! ಆವತ್ತು ಅಲ್ಲಿ ಈ ಪಿಟೀಲು ಎಲ್ಲಿತ್ತು?

ಅವಳು ರಿಮೋಟ್ ತೆಗೆದುಕೊಂಡು ಸೌಂಡ್ ಮ್ಯೂಟ್ ಮಾಡಿದಳು.

ಈಗ ಟೀವಿಯಲ್ಲಿ ನೇರಳೆ ಪ್ಯಾಂಟಿನ ಹುಡುಗಿಯೊಬ್ಬಳು ಬಿದ್ದು ಬಿದ್ದು ನಗುತ್ತಿದ್ದಳು. ಜಿಪ್ ಎಳೆದಳು, ಚಾಕಲೇಟು ಎಸೆದಳು. ಅಷ್ಟೇ.

ಅಜ್ಜಿ ಮುಂದಕ್ಕೆ ಬಾಗಿದಳು. "ಎಲ್ಲಿತ್ತೇ ಆ ಚಾಕಲೇಟು?"

"ಜೇಬಲ್ಲಿ ಅಜ್ಜಿ."

ಮಂಡಿನೋವಿನ ಅಜ್ಜಿಯೂ ದಿನವಿಡೀ ಕುರ್ಚಿಯಲ್ಲೇ ಕೂರುವವಳು. ಅವಳು ಅಮ್ಮನ ಕಡೆ ತಿರುಗಿದಳು. "ನಂಗೂ ಅಂಥದ್ದೊಂದು ಜೇಬು ಹೊಲಿದುಕೊಡೇ. ಕನ್ನಡಕ ಎಲ್ಲಿಟ್ರೂ ಜಾರಿಹೋಗತ್ತೆ. ಹಳದಿ ಬೇಡ, ಕೆಂಪು ಇರ್ಲಿ."

ಟೀವಿಯಲ್ಲಿ ನಿರೂಪಕರು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು.

"ಸೌಂಡ್ ಕೊಡೇ," ಎಂದಳು ಅಮ್ಮ. "ನಿನ್ನ ಬಗ್ಗೆ ಏನ್ ಹೇಳ್ತಿದಾರೋ ಏನೋ."

"ಬಿಡಮ್ಮ. ನಾಳೆ ಕ್ಲಾಸಲ್ಲಿ ನಾನೇ ಹೇಳ್ತೀನಿ," ಎಂದಳು ಚಿನಕುರುಳಿ. ರಿಮೋಟನ್ನು ಮೊಣಕಾಲ ಮೇಲಿನ ಜೇಬಿಗೆ ಹಾಕಿ ಜಿಪ್ ಎಳೆದಳು.