ಹದಿನೆಂಟು ಉಸಿರಿನ ಶಂಖ

ಬಹಳ ಬಹಳ ಹಿಂದೆ ಹವಳಾವತಿ ಎಂಬ ರಾಜ್ಯದಲ್ಲಿ, ಅರಸನ ಉದ್ಯಾನದ ನಡುವೆ ಒಂದು ಕೃತಕ ಬೆಟ್ಟವಿತ್ತು. ಅದರೊಳಗೆ ಕಪ್ಪೆಚಿಪ್ಪು, ಕನ್ನಡಿಚೂರು, ಬಣ್ಣದ ಕಲ್ಲುಗಳಿಂದ ಸಿಂಗರಿಸಿದ, ಒಂದರ ಹಿಂದೊಂದು ಮೂರು ಗುಹೆಗಳು. ಅದನ್ನು ಕಟ್ಟಿದವನು ಕರಾಳಾಕ್ಷನೆಂಬ ಮಾಂತ್ರಿಕ. ಗುಹೆಯ ಮುಂದೆ ಹದಿನೇಳು ಕಲ್ಲಿನ ವಿಗ್ರಹಗಳು ಬಾಯಿ ತೆರೆದು, ಬೆರಗಿನಿಂದ ಮೇಲೆ ನೋಡುತ್ತ ನಿಂತಿದ್ದವು. ಅರಸ ಅವುಗಳನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ಬೆಳಗ್ಗೆ ಗಾರೆ ಕೆಲಸದ ಮಾಳವ್ವೆ ಅಲ್ಲಿಗೆ ಬಂದಳು. ಗುಹೆಗೆ ಸುಣ್ಣ ಬಳಿಯಲು ಹೋದ ಅವಳ ತಮ್ಮ ಬೊಮ್ಮಣ್ಣ ಮನೆಗೆ ಮರಳಿರಲಿಲ್ಲ. ನೋಡಿದರೆ ಹದಿನೆಂಟನೆಯ ವಿಗ್ರಹವೊಂದು ಹೊಸದಾಗಿ ನಿಂತಿದೆ! ಅದರ ಹುಬ್ಬಿನ ಮೇಲೆ ತಮ್ಮನ ಗಾಯದ ಗುರುತು. ಮಾಳವ್ವೆ ಅದರ ಕೆನ್ನೆ ಮುಟ್ಟಿ ನೋಡಿದಳು; ಬರೀ ಕಲ್ಲು.

ತೋಟದ ಮುದುಕ ಮೆಲ್ಲಗೆ ಹೇಳಿದ: "ಒಳಗಿನ ಚೆಲುವಿಗೆ ಮೈಮರೆತು ನಿಂತರೆ ಉಸಿರು ಮಾಂತ್ರಿಕನ ಪಾಲು. ಮೈ ಕಲ್ಲಾಗಿ ಇಲ್ಲಿ ಹೊರಗೆ ಬಂದು ನಿಲ್ಲುತ್ತದೆ. ಹೋಗಬೇಡ ಮಗಳೇ."

"ಹೋಗದಿದ್ದರೆ ನನ್ನ ತಮ್ಮ ಹೀಗೇ ನಿಂತಿರ್ತಾನಲ್ಲ, ಅಜ್ಜಾ!"

ಮಾಳವ್ವೆ ಒಳಹೊಕ್ಕಳು.

ಮೊದಲ ಗುಹೆಯಲ್ಲಿ ಚಿಪ್ಪಿನ ನವಿಲೊಂದು ಗರಿ ಬಿಚ್ಚಿತು. ಗರಿಯ ಸಾವಿರ ಕಣ್ಣುಗಳು ಒಟ್ಟಿಗೇ ತೆರೆದವು. "ನಿಲ್ಲು, ನೋಡು!" ಎಂದಿತು ನವಿಲು.

"ನೋಡುತ್ತೇನೆ, ನಿಲ್ಲುವುದಿಲ್ಲ," ಎಂದು ಮಾಳವ್ವೆ ನಡೆದಳು.

ಎರಡನೆಯ ಗುಹೆಯಲ್ಲಿ ಚಾವಣಿಯ ಮೇಲೇ ಹೊಳೆ ಹರಿಯುತ್ತಿತ್ತು. ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ. ಅದರಲ್ಲಿ ಈಜುವ ಚಿನ್ನದ ಮೀನು ಕೂಗಿತು: "ನಿಲ್ಲು, ನೋಡು!"

"ನೋಡುತ್ತೇನೆ, ನಿಲ್ಲುವುದಿಲ್ಲ," ಎಂದಳು. ಆದರೂ ಅರೆಕ್ಷಣ ನಿಂತೇಬಿಟ್ಟಳು. ಆ ಚೆಲುವೇ ಅಂಥದ್ದು! ಕಾಲ್ಬೆರಳುಗಳು ಕಲ್ಲಾದವು. ತಮ್ಮನ ಹೆಸರು ಹಿಡಿದು ಕೂಗುತ್ತ, ಪಾದ ಎಳೆಯುತ್ತ ಮುಂದೆ ಹೋದಳು.

ಮೂರನೆಯ ಗುಹೆ ಬರಿದಾಗಿತ್ತು. ನಡುವೆ ಆಳೆತ್ತರದ ಒಂದೇ ಒಂದು ಬಿಳಿ ಶಂಖ. ಇಡೀ ಬೆಟ್ಟದ ಭಾರ ಅದರ ಮೇಲೆ. ಒಳಗೆ ಹದಿನೆಂಟು ಉಸಿರುಗಳು ಜೇನಿನಂತೆ ಗುಂಯ್‌ಗುಡುತ್ತಿದ್ದವು. ಪಕ್ಕದಲ್ಲಿ ಕರಾಳಾಕ್ಷ ಕೂತಿದ್ದ.

"ಬೇಕಾದರೆ ಒಡೆದುಕೋ," ಎಂದು ನಕ್ಕ. "ಬೆಟ್ಟ ನಿನ್ನ ತಲೆಯ ಮೇಲೆ ಬೀಳುತ್ತದೆ."

ಭಾರ ಹೊತ್ತದ್ದನ್ನು ಒಡೆಯಬಾರದೆಂದು ಗಾರೆಯವಳಿಗೆ ಯಾರು ಹೇಳಬೇಕು? ಮಾಳವ್ವೆ ಅದನ್ನು ಒಡೆಯಲಿಲ್ಲ. ಮಂಡಿಯೂರಿ, ನೆಲದ ಬಳಿಯಿದ್ದ ಶಂಖದ ತುದಿಗೆ ಬಾಯಿಟ್ಟು, ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದಳು.

ಬೆಟ್ಟ ನಡುಗಿತು, ಬೀಳಲಿಲ್ಲ. ಉಸಿರುಗಳು ಬೆಚ್ಚನೆಯ ಗಾಳಿಯಾಗಿ ಹೊರಗೆ ಹಾರಿದವು. ಅವುಗಳನ್ನೇ ನಂಬಿ ಬದುಕಿದ್ದ ಮಾಂತ್ರಿಕ ಒಣಗಿ, ಉದುರಿ, ಹಿಡಿ ಮರಳಾದ. ಮಾಳವ್ವೆಯ ಕಾಲ್ಬೆರಳುಗಳು ಮತ್ತೆ ಬೆಚ್ಚಗಾದವು.

ಹೊರಗೆ ಹದಿನೆಂಟು ಜನ ಕೆಮ್ಮುತ್ತ, ಸೀನುತ್ತ ಎಚ್ಚೆತ್ತರು. "ಅಕ್ಕಾ, ಬಾಯಾರಿದೆ, ನೀರು ಕೊಡೇ," ಎಂದ ಬೊಮ್ಮಣ್ಣ. ಮಾಳವ್ವೆ ನಗುತ್ತಲೇ ಅತ್ತಳು.

ಅರಸ ನಾಚಿ ಅವಳಿಗೆ ಕೈಮುಗಿದು, ಉದ್ಯಾನವನ್ನು ಊರಿಗೇ ಬಿಟ್ಟುಕೊಟ್ಟ. ಅಂದಿನಿಂದ ಜನ ಮಕ್ಕಳು ಮರಿಗಳೊಂದಿಗೆ ಗುಹೆಯ ಚಾವಣಿಯ ಹೊಳೆಯ ಕೆಳಗೆ ಬೇಕಾದಷ್ಟು ಹೊತ್ತು ನಿಂತು ಬೆರಗಾದರು, ಹಾಡುತ್ತ ಮನೆಗೆ ಹೋದರು. ಅವರು ಕಂಡ ಸುಖ ನಿಮ್ಮ ಮನೆಯಲ್ಲೂ ತುಂಬಿರಲಿ.