ಹುಲುಗೇಶನ ದವಡೆ ಹಲ್ಲು

ಸೂಜಿ ಮುರಿದದ್ದು ತನ್ನ ಕೈಯಲ್ಲೇ ಇರಬಹುದೇ? ಮುರಿದರೆ ಬೆರಳಿಗೆ ಗೊತ್ತಾಗುತ್ತದೆ. ಆದರೆ ಆ ದಿನ ಹೊರಗೆ ಜನ ಕಾಯುತ್ತಿದ್ದರು, ಗೊತ್ತಾಗದೆಯೂ ಹೋಗಿರಬಹುದು. ಕೊಟ್ಟೂರಿನ ದಂತವೈದ್ಯ ಗುರುಬಸವರಾಜ ಈ ಅನುಮಾನ ಹೊತ್ತು ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಅನ್ನದಾನಮ್ಮನವರ ಪಡಸಾಲೆಗೆ ಬಂದ. ಅವರ ಮಹಡಿಯ ಬಾಡಿಗೆದಾರ ನಾನು. ಅವರು ಊರವರ ಇಂಥ ಗಂಟು ಬಿಡಿಸುವಾಗಲೆಲ್ಲ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದೆ.

ಟ್ರ್ಯಾಕ್ಟರ್ ಮೆಕ್ಯಾನಿಕ್ ಹುಲುಗೇಶನ ದವಡೆ ಹಲ್ಲಿಗೆ ಗುರುಬಸವರಾಜ ರೂಟ್ ಕೆನಾಲ್ ಶುರು ಮಾಡಿದ್ದ. ಕೊಳೆತ ನರ ತೆಗೆದು, ಬೇರಿನ ನಾಳ ತೊಳೆದು, ಔಷಧಿ ಇಟ್ಟು, ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿದ್ದ. ವಾರದೊಳಗೆ ಹುಲುಗೇಶನ ಕುತ್ತಿಗೆಯವರೆಗೆ ಬಾವು ಇಳಿದು ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಕೀವು ತೆಗೆದು ಜೀವ ಉಳಿಸಿದ್ದರು. ಬಾಯಿ ಮಾತ್ರ ಇನ್ನೂ ಬಿಚ್ಚಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಹಲ್ಲಿನೊಳಗೆ ಲೋಹದ ಚೂರೊಂದು ಕಂಡಿತ್ತು.

"ನಾಳಿ ಅವನ ಮನಿಯವರು ಠಾಣಿಗೆ ಹೋಗ್ತಾರಂತ್ರಿ. ನನ್ನ ದವಾಖಾನಿಗೆ ಬೀಗ ಬೀಳ್ತತಿ."

ಅನ್ನದಾನಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ನಿನ್ನ ಸೂಜಿ ಒಂದು ತೋರ್ಸಪ್ಪ." ಕೂದಲಿನಷ್ಟು ಸಣ್ಣದು, ಮೈತುಂಬ ತಿರುಪು. ಅವರು ಅದನ್ನು ಎಕ್ಸ್‌ರೇಯ ಪಕ್ಕ ಹಿಡಿದು ನೋಡಿದರು.

ಆಸ್ಪತ್ರೆಯಲ್ಲಿ ಅವರು ಹುಲುಗೇಶನ ತುಟಿಯ ಅಂಚನ್ನಷ್ಟೇ ನೋಡಿದರು. ಅಲ್ಲೊಂದು ಒಣಗಿದ ಸುಟ್ಟ ಬೊಕ್ಕೆ. ಅವನ ಮನೆಗೆ ಹೋದಾಗ ಹೆಂಡತಿ ಯಶೋಧಾ ಬಾಗಿಲಲ್ಲೇ ತಡೆದಳು.

"ಡಾಕ್ಟರ್ ವಕಾಲತ್ತಿಗೆ ಬಂದೀರೇನ್ರಿ? ನಾ ಹಿರೇಹಡಗಲಿಗೆ ತವರಿಗೆ ಹೋಗಿ ಬರೋದ್ರಾಗ ನನ್ನ ಗಂಡನ ಮಾರಿ ಕುಂಬಳಕಾಯಿ ಆಗಿತ್ತು!"

ಮಾವ ಉಚ್ಚಂಗೆಪ್ಪ ಚಹಾ ಎತ್ತಿದರೆ ಕೈ ನಡುಗಿ ಅರ್ಧ ಕೆಳಗಿನ ಬಸಿ ತಟ್ಟೆಗೆ ಚೆಲ್ಲಿತು. ಅತ್ತೆ ಎರ್ರೆಮ್ಮ ಅರ್ಧ ಹೊಲಿದು ನಿಂತ ಕೌದಿಯನ್ನು ಮಡಿಲಲ್ಲಿಟ್ಟು ಮೂಲೆಯಲ್ಲಿ ಕುಳಿತಿದ್ದಳು. ಹಿತ್ತಲಲ್ಲಿ ತುದಿ ಸುಟ್ಟ ಪಪ್ಪಾಯಿ ಎಲೆಯ ಟೊಳ್ಳು ದಂಟು ಬಿದ್ದಿತ್ತು, ಪಕ್ಕದಲ್ಲಿ ಕಾಡುಬದನೆಯಂಥ, ಬೀಜ ತೆಗೆದ ಗುಳ್ಳದ ಕಾಯಿ.

ಸಂಜೆ ಅನ್ನದಾನಮ್ಮ ವೈದ್ಯನನ್ನೂ ಅಲ್ಲಿಗೇ ಕರೆಸಿ ಎಲ್ಲರನ್ನೂ ಕೂಡಿಸಿದರು.

"ಡಾಕ್ಟರ್ ಸೂಜಿ ಸಣ್ಣದು, ತಿರುಪೈತಿ. ಹಲ್ಲಿನಾಗಿರೋದು ದಪ್ಪ, ನುಣುಪು. ಅದು ಹೊಲಿಯೋ ಸೂಜಿ ತುದಿ. ಯಾರೋ ಸಿಮೆಂಟು ಕೆದಕಿ ತೆಗೆದಾರ. ಯಾಕ? ದಂಟಿನ ತುದಿ ಸುಟ್ಟೈತಿ, ಹುಲುಗೇಶನ ತುಟಿನೂ ಸುಟ್ಟೈತಿ. ಹಲ್ಲಿನ ಹುಳ ಬೀಳ್ಲಿ ಅಂತ ಆ ದಂಟಿನಿಂದ ಗುಳ್ಳದ ಬೀಜದ ಹೊಗಿ ಹಾಕ್ಯಾರ. ತೆರೆದ ಹಲ್ಲಿಗೆ ಉಗುಳು ಇಳೀತು, ಬೇರಿನಾಗ ಕೀವಾತು. ಯಶೋಧಾ ಊರಾಗಿರಲಿಲ್ಲ. ಉಚ್ಚಂಗೆಪ್ಪಗ ಬಸಿ ಹಿಡಿಯಾಕ ಬರಂಗಿಲ್ಲ, ಸೂಜಿ ಎಲ್ಲಿ ಹಿಡಿತಾನ?" ಅವರ ದನಿ ತಗ್ಗಿತು. "ಎರ್ರೆಮ್ಮ, ಕೌದಿ ಯಾಕವ್ವ ಅರ್ಧಕ್ಕ ನಿಂತತಿ?"

ಎರ್ರೆಮ್ಮ ಸೆರಗಿನ ಗಂಟು ಬಿಚ್ಚಿ ತುದಿಯಿಲ್ಲದ ಸೂಜಿಯನ್ನು ನೆಲದ ಮೇಲಿಟ್ಟಳು.

"ಹುಳ ಒಳಗಿಟ್ಟು ಬಾಗಲಾ ಹಾಕ್ಯಾರ ಅಂದ್ಕೊಂಡ್ನೆವ್ವ. ನೋವು ನಿಂತೈತಿ, ಬ್ಯಾಡವ್ವ ಅಂದ ಅವ. ನಾನ ಬಿಡಲಿಲ್ಲ."

ಯಶೋಧಾ ಅತ್ತೆಯನ್ನೇ ನೋಡುತ್ತ ನಿಂತಳು. ಆಮೇಲೆ ವೈದ್ಯನ ಕಡೆ ತಿರುಗಿ, "ಠಾಣಿಗೆ ಹೋಗಂಗಿಲ್ರಿ," ಅಂದಳು.

ಗುರುಬಸವರಾಜ ಹೊರಡಬಹುದಿತ್ತು. ಹೊರಡಲಿಲ್ಲ. "ಹಂಗಾರ ಒಳಗ ಏನಿತ್ತಪ್ಪ?" ಎಂದು ಎರ್ರೆಮ್ಮ ಕೇಳಿದಾಗ ಅವಳ ಮುಂದೆ ನೆಲಕ್ಕೇ ಕುಳಿತ. ಹಲ್ಲಿನಲ್ಲಿ ಹುಳವಿರುವುದಿಲ್ಲ, ಒಳಗಿನ ನರ ಕೊಳೆತಿರುತ್ತದೆ. ಅದನ್ನು ತೆಗೆದರೆ ನೋವು ನಿಲ್ಲುತ್ತದೆ, ಆದರೆ ನಾಳವನ್ನು ಪೂರ್ತಿ ತುಂಬಿ ಮುಚ್ಚುವ ತನಕ ರೋಗ ಮತ್ತೆ ಒಳಹೊಗಬಹುದು ಎಂದು ನಿಧಾನವಾಗಿ ವಿವರಿಸಿದ.

"ಇಷ್ಟ ಏನಪ್ಪ?" ಅಂದಳು ಎರ್ರೆಮ್ಮ. "ತಿಳಿಯಾಕ ಕಷ್ಟ ಏನಿಲ್ಲಲ್ಲ."

ಅವನು ತಲೆ ತಗ್ಗಿಸಿದ. ಹಲ್ಲು ಮುಚ್ಚಿ ಕಳಿಸಿದ ದಿನ, ಮಗನ ಜೊತೆ ಬಂದಿದ್ದ ಆಕೆಗೆ ಅವನು ಇದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ.